ಫಲಿತಾಂಶದ ವಾರ: ತೋಟದ ಮನೆಯವರು ತಿಳಿದಿರಬೇಕಾದ್ದು



ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಪಾಂಡವಪುರ ಸೀಮೆಯಲ್ಲಿ ಕಬ್ಬು, ಭತ್ತದ ಜೊತೆಗೆ ತೆಂಗು, ಅಡಿಕೆ ತೋಟಗಳೂ ಇವೆ. ಒಂದೆರಡು ಎಕರೆ ಇಟ್ಟುಕೊಂಡ ನಾವು, ಮಕ್ಕಳಾದರೂ ಓದಿ ಮುಂದೆ ಬರಲಿ ಎಂದು ಬಯಸುವುದು ಸಹಜ. ಆದರೆ ಆ ಬಯಕೆಯೇ ಕೆಲವೊಮ್ಮೆ ಮಕ್ಕಳ ಹೆಗಲಿಗೆ ಹೊರಲಾರದ ಹೊರೆಯಾಗುತ್ತದೆ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರೆಂದು ಸರ್ಕಾರಿ ದಾಖಲೆ ಹೇಳುತ್ತದೆ. ಎಲ್ಲಕ್ಕೂ ಪರೀಕ್ಷೆಯೇ ಕಾರಣವಲ್ಲ. ಕಾರಣಗಳು ಸಾಮಾನ್ಯವಾಗಿ ಹಲವು ಇರುತ್ತವೆ. ಆದರೆ ಮನೆಯವರು ಮೊದಲೇ ಗಮನಿಸಿದರೆ ಎಷ್ಟೋ ಜೀವಗಳು ಉಳಿಯುತ್ತವೆ.

ಹೊರೆ ಎಲ್ಲಿಂದ ಬರುತ್ತದೆ?

ಊರ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹುಡುಗಿ ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದೊಡನೆ ಎಲ್ಲವೂ ಇಂಗ್ಲಿಷಿನಲ್ಲಿ. ತಿಳಿಯದಿದ್ದುದನ್ನು ಕೇಳಲು ನಾಚಿಕೆ. ಮನೆಗೆ ಬಂದರೆ, “ನಿನ್ನ ಫೀಸಿಗೇ ಸಾಲ ಮಾಡಿದ್ದು” ಎಂಬ ಮಾತು. ನಾವು ಆಡಿ ಮರೆಯುತ್ತೇವೆ, ಅವಳು ಮರೆಯುವುದಿಲ್ಲ. ಸಾಲದ ಮಾತು ದೊಡ್ಡವರ ನಡುವೆಯೇ ಇರಲಿ.

ಗುರುತಿಸುವುದು ಹೇಗೆ?

ಅಡಿಕೆಗೆ ಹಿಡಿಮುಂಡಿಗೆ ಬಂದು ಸೋಗೆ ಮುದುಡಿದರೆ ನಾವು ಮರವನ್ನು ಬೈಯುವುದಿಲ್ಲ. ಬುಡದಲ್ಲಿ ನೀರು ನಿಂತಿದೆಯೇ, ಮಣ್ಣು ಗಟ್ಟಿಯಾಗಿದೆಯೇ ಎಂದು ನೋಡುತ್ತೇವೆ. ಮಕ್ಕಳ ವಿಷಯದಲ್ಲೂ ಹಾಗೆಯೇ. ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಪದೇ ಪದೇ ತಲೆನೋವು, ಹೊಟ್ಟೆನೋವು, ಗೆಳೆಯರಿಂದ ದೂರವಾಗುವುದು, ಸಣ್ಣದಕ್ಕೂ ಸಿಟ್ಟು, ಇವು ಎರಡು ವಾರ ಮುಂದುವರಿದರೆ ಸೋಮಾರಿತನವೆಂದು ತಳ್ಳಿಹಾಕಬೇಡಿ. “ನಾನಿಲ್ಲದಿದ್ದರೇ ನಿಮಗೆ ಚೆನ್ನ” ಎಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿ.

ಹೇಗೆ ಮಾತಾಡಬೇಕು?

ಎದುರು ಕೂರಿಸಿ ವಿಚಾರಣೆ ಮಾಡುವುದಕ್ಕಿಂತ ತೋಟದಲ್ಲಿ ಜೊತೆಗೆ ನಡೆಯುತ್ತಾ ಕೇಳುವುದು ಲೇಸು. ಮೊದಲು ಪೂರ್ತಿ ಕೇಳಿಸಿಕೊಳ್ಳಿ, ಬುದ್ಧಿವಾದ ಆಮೇಲೆ. ಪಕ್ಕದ ಮನೆಯವರ ಅಂಕದ ಸುದ್ದಿ ಬೇಡ. ಅನುಮಾನವಿದ್ದರೆ, “ಸಾಯುವ ಯೋಚನೆ ಬಂದಿದೆಯೇ?” ಎಂದು ನೇರವಾಗಿಯೇ ಕೇಳಬಹುದು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ; ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದೆಂದರೆ ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಔಷಧಿಗೆ ಬೀಗ

ತೋಟದ ಮನೆಗಳಲ್ಲಿ ಇದು ಬಹು ಮುಖ್ಯ. ಸಿಂಪರಣೆ ಔಷಧಿಯನ್ನು ಬೀಗವಿರುವ ಪೆಟ್ಟಿಗೆಯಲ್ಲಿಟ್ಟು ಬೀಗದ ಕೈ ಹಿರಿಯರೊಬ್ಬರ ಬಳಿ ಇರಲಿ. ಬೇಕಾದಷ್ಟೇ ಕೊಳ್ಳಿ. ಸಾಯಬೇಕೆಂಬ ಆವೇಗ ಅನೇಕರಲ್ಲಿ ಸ್ವಲ್ಪ ಹೊತ್ತಿನದು. ಆ ಹೊತ್ತು ಕಳೆದರೆ ಜೀವ ಉಳಿಯುತ್ತದೆ. ಶ್ರೀಲಂಕಾ ದೇಶ ಅತಿ ವಿಷಕಾರಿ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿದ ಮೇಲೆ, 1995ರಿಂದ ಸುಮಾರು 20 ವರ್ಷಗಳಲ್ಲಿ ಅಲ್ಲಿನ ಆತ್ಮಹತ್ಯೆ ಪ್ರಮಾಣ ಶೇಕಡ 70ರಷ್ಟು ಇಳಿಯಿತು.

ಸಹಾಯ ಎಲ್ಲಿ?

14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು. ಇದು 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆ. ಕನ್ನಡದಲ್ಲೇ ಮಾತಾಡುತ್ತಾರೆ, ತಂದೆತಾಯಿಯೂ ಕೇಳಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಯಾವ ಮಂಗಳವಾರ ಬರುತ್ತಾರೆಂದು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗವಿದೆ.

ದಾರಿ ಒಂದೇ ಅಲ್ಲ

2024ರಿಂದ ಎಸ್.ಎಸ್.ಎಲ್.ಸಿ., ದ್ವಿತೀಯ ಪಿ.ಯು.ಸಿ. ಎರಡಕ್ಕೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿದ್ದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಡಿಪ್ಲೊಮಾ ಮುಗಿಸಿದವರು ನೇರವಾಗಿ ಇಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಸೇರಬಹುದು. ಕೃಷಿ ಪದವಿಯಲ್ಲಿ ರೈತರ ಮಕ್ಕಳಿಗೆ ಮೀಸಲು ಸೀಟುಗಳಿವೆ; ಮಂಡ್ಯದ ವಿ.ಸಿ. ಫಾರಂನಲ್ಲೇ ಕೃಷಿ ಕಾಲೇಜಿದೆ. ಇವನ್ನು ಫಲಿತಾಂಶಕ್ಕೆ ಮುಂಚೆಯೇ ಮಕ್ಕಳೊಡನೆ ಕೂತು ಮಾತಾಡಿಡಿ.

ಒಂದು ವರ್ಷ ಫಸಲು ಕೈಕೊಟ್ಟರೆ ನಾವು ತೋಟ ಕಡಿಯುವುದಿಲ್ಲ. ಫಲಿತಾಂಶದ ದಿನ ಅಂಕ ಎಷ್ಟೇ ಬಂದಿರಲಿ, ಮೊದಲು ಮಕ್ಕಳನ್ನು ಊಟಕ್ಕೆ ಕರೆಯಿರಿ. ಉಳಿದ ಮಾತು ನಾಳೆಗಿರಲಿ.