ಕಾಲಡಿಯ ಹತ್ತು ಸ್ವಿಚ್ಚುಗಳು

ಬೆಂಗಳೂರಿನ ಹನುಮಂತನಗರದ ಮನೆಯೊಂದರ ಮಹಡಿ ಕೋಣೆ. ನಾಳೆ ಸಂಜೆ ಗಣೇಶನ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ. ಚಾಪೆಯ ಮೇಲೆ ಎರಡೂಕಾಲು ಅಡಿಯಷ್ಟು ಉದ್ದದ ಕಪ್ಪು ಹಲಗೆಯೊಂದು ಮಲಗಿದೆ. ಕೆಳಸಾಲಿನಲ್ಲಿ ಐದು ಸ್ವಿಚ್ಚು, ಮೇಲುಸಾಲಿನಲ್ಲಿ ಐದು. ಅವುಗಳ ಪಕ್ಕಕ್ಕೆ ‘ಅಪ್’, ‘ಡೌನ್’ ಎಂಬ ಇನ್ನೆರಡು. ಬಲತುದಿಯಲ್ಲಿ ಪಾದ ಊರಿ ತೂಗುವಂಥ ಎರಡು ಪೆಡಲ್. ಇದು ಬೆಹ್ರಿಂಗರ್ ಕಂಪನಿಯ ಎಫ್‌ಸಿಬಿ1010 ಎಂಬ ಮಿಡಿ ಫುಟ್ ಕಂಟ್ರೋಲರ್. ಎದುರಿನ ಸ್ಟೂಲಿನ ಮೇಲೆ ಗಿಟಾರಿನ ಎಫೆಕ್ಟ್ಸ್ ಪ್ರೊಸೆಸರ್ ಹಸಿರು ದೀಪ ಮಿನುಗಿಸುತ್ತಿದೆ. ಗಿಟಾರ್ ಗೋಡೆಗೆ ಒರಗಿದೆ. ಇವತ್ತು ರಾತ್ರಿ ಅದಕ್ಕೆ ಕೆಲಸ ಕಡಿಮೆ.

ಗಿಟಾರಿಸ್ಟ್ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ತೊಡೆಯ ಮೇಲೊಂದು ನೋಟ್‌ಬುಕ್. ಅದರ ಎಡಬದಿಗೆ ನಾಳೆಯ ಹಾಡುಗಳು: 1974ರ ‘ಎರಡು ಕನಸು’ ಚಿತ್ರದಿಂದ ಒಂದು, 1987ರ ‘ಪ್ರೇಮಲೋಕ’ದಿಂದ ಒಂದು, 2006ರ ‘ಮುಂಗಾರು ಮಳೆ’ಯಿಂದ ಒಂದು, ಹೀಗೆ ರಾಜನ್–ನಾಗೇಂದ್ರರಿಂದ ಹಂಸಲೇಖ, ಮನೋಮೂರ್ತಿಯವರ ತನಕ. ಬಲಬದಿಗೆ ಸಾಮಾನ್ಯವಾಗಿ ಕಾರ್ಡ್‌ಗಳಿರಬೇಕು. ಇಲ್ಲಿರುವುದು ಬೇರೆ ಬರಹ. ‘ಪಲ್ಲವಿ: ಕ್ಲೀನ್, ಸ್ವಲ್ಪ ಕೋರಸ್.’ ‘ಎರಡನೇ ಇಂಟರ್‌ಲೂಡ್: ಲೀಡ್, ಡಿಲೇ ಉದ್ದ.’ ‘ಚರಣದ ಕೊನೆ ಸಾಲು: ಡಿಲೇ ಆಫ್, ಗಾಯಕಿಗೆ ಜಾಗ.’ ಕೊನೆಯ ಆ ಎರಡು ಪದವನ್ನು ನಾನು ಬಹಳ ಹೊತ್ತು ನೋಡಿದೆ. ಸ್ವಿಚ್ಚು ಹೊಂದಿಸುವುದೆಂದರೆ ವೈರು ಚುಚ್ಚುವ ಕೆಲಸ ಎಂದುಕೊಂಡವರಿಗೆ ಈ ಪುಟ ತೋರಿಸಬೇಕು. ಹಾಡಿನ ಯಾವ ಗಳಿಗೆಯಲ್ಲಿ ಗಿಟಾರ್ ಮುಂದೆ ಬರಬೇಕು, ಯಾವಾಗ ಹಿಂದೆ ಸರಿಯಬೇಕು ಎಂಬುದನ್ನು ಮೊದಲೇ ಕೇಳಿಸಿಕೊಂಡವರು ಮಾತ್ರ ಹೀಗೆ ಬರೆಯಬಲ್ಲರು.

ಈ ಹಲಗೆಯಿಂದ ಒಂದು ಸ್ವರವೂ ಹೊರಡುವುದಿಲ್ಲ. ಗಿಟಾರಿನ ಕೇಬಲ್ ಇದಕ್ಕೆ ತಾಗುವುದೂ ಇಲ್ಲ. ದರ್ಶಿನಿಯಲ್ಲಿ ಕೊಡುವ ಟೋಕನ್ನಿನಲ್ಲಿ ದೋಸೆ ಇರುವುದಿಲ್ಲ, ದೋಸೆ ಬೇಕೆಂಬ ಮಾತಷ್ಟೇ ಇರುತ್ತದೆ, ಇದೂ ಹಾಗೆ. ಸ್ವಿಚ್ಚು ಅದುಮಿದಾಗ ಹೊರಡುವುದು ಎರಡು ಬೈಟ್‌ಗಳ ಸಂದೇಶ. ‘ಇಂಥ ಚಾನೆಲ್ಲಿನವನೇ, ಪ್ರೋಗ್ರಾಂ ಬದಲಿಸು’ ಎನ್ನುವುದು ಮೊದಲನೆಯದು, ಯಾವ ಪ್ರೋಗ್ರಾಂ ಎಂಬ ಅಂಕಿ ಎರಡನೆಯದು. ಸೆಕೆಂಡಿಗೆ 31,250 ಬಿಟ್‌ಗಳ ವೇಗದಲ್ಲಿ ಅದು ತಲುಪಲು ಒಂದು ಮಿಲಿಸೆಕೆಂಡೂ ಬೇಡ. ಅಲ್ಲಿಂದಾಚೆಗೆ ಆಂಪ್ಲಿಫೈಯರ್, ಕೋರಸ್, ರಿವರ್ಬ್ ಎಲ್ಲವನ್ನೂ ಕೂಡಿಸುವುದು ಸ್ಟೂಲಿನ ಮೇಲಿನ ಯಂತ್ರ.

ಎರಡನ್ನೂ ಜೋಡಿಸುವ ತಂತಿಯ ತುದಿಯಲ್ಲಿ ದುಂಡನೆಯ ಪ್ಲಗ್ಗು, ಅದರೊಳಗೆ ಅರ್ಧಚಂದ್ರಾಕಾರವಾಗಿ ಐದು ಪಿನ್ನು. ಎಸ್.ಪಿ. ರಸ್ತೆಯಿಂದ ಪ್ಲಗ್ಗು ತಂದು ಈ ಕೇಬಲ್ಲನ್ನು ಇವರೇ ಬೆಸುಗೆ ಹಾಕಿಕೊಂಡಿದ್ದಾರೆ. ಐದರಲ್ಲಿ ಕೆಲಸವಿರುವುದು ಮೂರಕ್ಕೆ: ನಾಲ್ಕು ಮತ್ತು ಐದನೆಯದು ಸಂದೇಶಕ್ಕೆ, ನಡುವಿನ ಎರಡನೆಯದು ಕವಚಕ್ಕೆ. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ವಾದ್ಯಮೇಳದಲ್ಲಿ ಸೀಕ್ವೆನ್ಷಿಯಲ್ ಸರ್ಕಿಟ್ಸ್‌ನ ಪ್ರಾಫೆಟ್-600 ಮತ್ತು ರೋಲ್ಯಾಂಡ್‌ನ ಜುಪಿಟರ್-6 ಕೀಬೋರ್ಡ್‌ಗಳನ್ನು ಜೋಡಿಸಿ ತೋರಿಸಿದ್ದು ಇಂಥದೇ ತಂತಿಯಿಂದ. ಪೈಪೋಟಿಯ ಎರಡು ಕಂಪನಿಗಳ ವಾದ್ಯಗಳು ಒಂದೇ ಭಾಷೆ ಆಡಿದವು. ‘ಮಿಡಿ’ ಎಂಬ ಆ ಭಾಷೆಯ ಒಪ್ಪಂದಕ್ಕೆ ದುಡಿದ ಡೇವ್ ಸ್ಮಿತ್ ಮತ್ತು ಇಕುತಾರೊ ಕಾಕೆಹಾಶಿ ಅವರಿಗೆ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಬಂತು. ಇಷ್ಟು ವರ್ಷವಾದರೂ ಪ್ಲಗ್ಗು ಬದಲಾಗಿಲ್ಲ ಎಂಬುದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ.

ಅದರೊಳಗೆ ಇನ್ನೊಂದು ಜಾಣತನವಿದೆ. ಬರುವ ಸಂದೇಶ ಪ್ರೊಸೆಸರಿನ ಬಾಗಿಲಲ್ಲಿ ಒಂದು ಪುಟ್ಟ ಎಲ್‌ಇಡಿಯನ್ನು ಹೊತ್ತಿಸಿ ಆರಿಸುತ್ತದೆ. ಆಚೆ ಬದಿಯಲ್ಲಿ ಅದರ ಬೆಳಕನ್ನು ಓದುವ ಭಾಗವಿದೆ. ಕರೆಂಟು ದಾಟುವುದಿಲ್ಲ, ಬೆಳಕು ದಾಟುತ್ತದೆ. ಒಂದು ಕಡೆ ಜನರೇಟರ್, ಇನ್ನೊಂದು ಕಡೆ ಕಂಬದಿಂದ ಎಳೆದ ಲೈನು ಇರುವ ಪೆಂಡಾಲುಗಳಲ್ಲಿ ಅರ್ಥಿಂಗ್ ವ್ಯತ್ಯಾಸದಿಂದ ಗುಂಯ್ ಎನ್ನುವ ಹಮ್ ಏಳುವುದುಂಟು. ಅದು ಬೇರೆ ಯಾವ ದಾರಿಯಿಂದ ಬಂದರೂ ಈ ತಂತಿಯ ಮೂಲಕ ಒಳಗೆ ಬರಲಾರದು.

ಕೀಬೋರ್ಡ್ ನುಡಿಸುವ ಹುಡುಗ ಹೊಸ್ತಿಲಲ್ಲೇ ಕೂತು ಪ್ರೊಸೆಸರಿನ ಪರದೆ ನೋಡುತ್ತಿದ್ದಾನೆ.

“ಅಣ್ಣಾ, ನೀವು ಹತ್ತು ಕಳಿಸಿದ್ರಿ, ಇಲ್ಲಿ ಹನ್ನೊಂದು ಬರ್ತಿದೆ.”

“ಇದು ಸೊನ್ನೆಯಿಂದ ಎಣಿಸುತ್ತೆ ಕಣೋ, ಅದು ಒಂದರಿಂದ. ಪುಸ್ತಕದಲ್ಲಿ ಎಲ್ಲಕ್ಕೂ ಒಂದೊಂದು ಕಡಿಮೆ ಮಾಡಿ ಬರ್ಕೊಂಡ್ಬಿಡು.”

ತಂತಿಯಲ್ಲಿ ಹೋಗುವ ಅಂಕಿ 0ಯಿಂದ 127ರವರೆಗೆ. ಪರದೆಯ ಮೇಲೆ ಅದನ್ನು 1ರಿಂದ 128 ಎಂದು ತೋರಿಸುವ ಯಂತ್ರಗಳು ಬೇಕಾದಷ್ಟಿವೆ. ಹೊಸಬರು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವುದು ಇಲ್ಲೇ. ಎರಡನೆಯ ತೊಡಕು ಚಾನೆಲ್ಲು. ಒಟ್ಟು 16 ಇವೆ. ಕಳಿಸುವವನದೂ ಕೇಳುವವನದೂ ಒಂದೇ ಆಗಿರದಿದ್ದರೆ ಎಷ್ಟು ಅದುಮಿದರೂ ಪ್ರೊಸೆಸರ್ ಮಿಸುಕಾಡುವುದಿಲ್ಲ. ಇವರು ಗಿಟಾರಿಗೆ 2 ಇಟ್ಟುಕೊಂಡಿದ್ದಾರೆ. 1 ಕೀಬೋರ್ಡಿನದು.

ಕೀಬೋರ್ಡಿಗೂ ಇಲ್ಲಿಂದ ಒಂದು ತಂತಿ ಹೋಗುತ್ತದೆ. ಈ ಹಲಗೆಯ ಒಂದು ಪ್ರಿಸೆಟ್ ಏಕಕಾಲಕ್ಕೆ ಐದು ಪ್ರೋಗ್ರಾಂ ಸಂದೇಶಗಳನ್ನು ಬೇರೆ ಬೇರೆ ಚಾನೆಲ್ಲಿಗೆ ಕಳಿಸಬಲ್ಲದು. ಒಂದು ಹಾಡಿನಲ್ಲಿ ಹುಡುಗನ ಎರಡೂ ಕೈ ಸ್ಟ್ರಿಂಗ್ಸ್ ಮೇಲೆ ಇರುವಾಗಲೇ ಮುಂದಿನ ಸಾಲಿಗೆ ಸಿತಾರ್ ಬೇಕು. ಗಿಟಾರಿಸ್ಟ್ ಸ್ವಿಚ್ಚು ಅದುಮುತ್ತಾರೆ; ಇತ್ತ ಗಿಟಾರ್ ಲೀಡ್‌ಗೆ ಹೋಗುತ್ತದೆ, ಅತ್ತ ಕೀಬೋರ್ಡು ಸಿತಾರ್ ಆಗುತ್ತದೆ. 1991ರ ಜನರಲ್ ಮಿಡಿ ಪಟ್ಟಿಯ 128 ವಾದ್ಯಗಳಲ್ಲಿ 105ನೆಯದು ಸಿತಾರ್, 112ನೆಯದು ಶಹನಾಯಿ. ನಮ್ಮ ಮದುವೆ ಮನೆಯ ವಾದ್ಯ ಆ ಪಟ್ಟಿಯಲ್ಲಿ ಜಾಗ ಪಡೆದದ್ದು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಇನ್ನು ನಿಜವಾದ ಬರವಣಿಗೆ. ‘ಡೌನ್’ ಸ್ವಿಚ್ಚನ್ನು ಸ್ವಲ್ಪ ಹೊತ್ತು ಹಿಡಿದರೆ ಹಲಗೆ ಪ್ರೋಗ್ರಾಮಿಂಗ್‌ಗೆ ತೆರೆದುಕೊಳ್ಳುತ್ತದೆ. ಹತ್ತು ಬ್ಯಾಂಕ್, ಬ್ಯಾಂಕಿಗೆ ಹತ್ತರಂತೆ ನೂರು ಪ್ರಿಸೆಟ್. ಅಂಕಿಗಳನ್ನು ಅದೇ ಸ್ವಿಚ್ಚುಗಳಿಂದ ತುಂಬಬೇಕು. ಚಾಪೆಯ ಮೇಲೆ ಬಗ್ಗಿ, ಹೆಬ್ಬೆರಳಿನಿಂದ ಒಂದೊಂದಾಗಿ ಅದುಮುತ್ತಾ ಇವರು ಬ್ಯಾಂಕ್ ತುಂಬುವ ರೀತಿ ನೋಡಿದರೆ ತಾಳ್ಮೆ ಎಂದರೇನೆಂದು ತಿಳಿಯುತ್ತದೆ. ಕಂಪ್ಯೂಟರಿನಲ್ಲಿ ತುಂಬಿ ಒಮ್ಮೆಲೇ ಕಳಿಸುವ ತಂತ್ರಾಂಶಗಳಿವೆ, ಅದು ಸಲೀಸು. ಆದರೂ ವೇದಿಕೆಯ ಮೇಲೆ ಲ್ಯಾಪ್‌ಟಾಪ್ ಇಲ್ಲದಾಗ ಒಂದು ಅಂಕಿ ತಿದ್ದಲು ಬರಬೇಕು ಎಂಬ ಅವರ ಮಾತನ್ನು ನಾನು ಒಪ್ಪುತ್ತೇನೆ.

ಎಲ್ಲದಕ್ಕಿಂತ ಸೂಕ್ಷ್ಮವಾದ ತೀರ್ಮಾನ ಬರುವುದು ಈಗ. ಹಾಡಿನ ನಡುವೆ ಸದ್ದು ಬದಲಾಗಬೇಕಾದರೆ ಎರಡು ದಾರಿ. ಇಡೀ ಪ್ರಿಸೆಟ್ ಬದಲಿಸಬಹುದು, ಅಂದರೆ ಪ್ರೋಗ್ರಾಂ ಚೇಂಜ್. ಅಥವಾ ಅದೇ ಪ್ರಿಸೆಟ್ ಒಳಗೆ ಒಂದು ಎಫೆಕ್ಟನ್ನು ಮಾತ್ರ ಹಾಕಿ ತೆಗೆಯಬಹುದು, ಅಂದರೆ ಕಂಟ್ರೋಲ್ ಚೇಂಜ್. ಪ್ರಿಸೆಟ್ ಬದಲಾಗುವಾಗ ಅನೇಕ ಪ್ರೊಸೆಸರುಗಳು ಎಲ್ಲವನ್ನೂ ಹೊಸದಾಗಿ ತುಂಬಿಕೊಳ್ಳುತ್ತವೆ. ಆ ಕಣ್ಣೆವೆಯಷ್ಟು ಹೊತ್ತು ಸದ್ದು ನಿಲ್ಲುತ್ತದೆ, ಡಿಲೇಯ ಬಾಲ ಕತ್ತರಿಸಿಹೋಗುತ್ತದೆ. ಹಾಡು ಹಾಡಿನ ನಡುವೆ ಅದು ಯಾರಿಗೂ ಗೊತ್ತಾಗದು. ಆದರೆ ಇಂಟರ್‌ಲೂಡಿನ ಕೊನೆಯ ಸ್ವರ ಗಾಳಿಯಲ್ಲಿರುವಾಗಲೇ ಗಾಯಕಿ ಚರಣ ಎತ್ತಿಕೊಳ್ಳುವ ಕಡೆ ಆ ಬಾಲ ತುಂಡಾದರೆ ಹಾಡಿನ ಬಟ್ಟೆ ಹರಿದಂತೆಯೇ. ಹಾಗಾಗಿ ಹಾಡಿಗೊಂದು ಪ್ರಿಸೆಟ್. ಒಳಗಿನ ಬದಲಾವಣೆಗಳೆಲ್ಲ ಕಂಟ್ರೋಲ್ ಚೇಂಜ್. 127 ಕಳಿಸಿದರೆ ಡಿಲೇ ಏಳುತ್ತದೆ, 0 ಕಳಿಸಿದರೆ ಮಲಗುತ್ತದೆ. ಅದೇ ಸ್ವಿಚ್ಚನ್ನು ಮತ್ತೆ ಮತ್ತೆ ಅದುಮಿದರೆ ಎರಡೂ ಅಂಕಿ ಸರದಿಯಂತೆ ಹೋಗುವ ಹಾಗೆ ಹೊಂದಿಸಿದ್ದಾರೆ.

ಪೆಡಲ್ಲುಗಳ ಸರದಿ. ಹಿಮ್ಮಡಿ ಪೂರ್ತಿ ಊರಿದಾಗ 0, ಬೆರಳು ಪೂರ್ತಿ ಊರಿದಾಗ 127 ಬರಬೇಕು. ಕ್ಯಾಲಿಬ್ರೇಷನ್ ತಪ್ಪಿದ್ದರೆ ಮೇಲಿನ ತುದಿಯಲ್ಲಿ 118ಕ್ಕೇ ನಿಂತು, ಲೀಡ್ ಎಂದೂ ಪೂರ್ತಿ ಮೇಲೇಳುವುದಿಲ್ಲ. ವಾಲ್ಯೂಮ್ ಪೆಡಲನ್ನು ಎಫೆಕ್ಟುಗಳ ಸಾಲಿನಲ್ಲಿ ಎಲ್ಲಿಡಬೇಕೆಂಬುದಕ್ಕೆ ಅವರು ಬಹಳ ಹೊತ್ತು ತೆಗೆದುಕೊಂಡರು. ಡಿಸ್ಟಾರ್ಷನ್ನಿಗಿಂತ ಮೊದಲಿಟ್ಟರೆ ಪೆಡಲ್ ಇಳಿದಂತೆ ಸದ್ದಿನ ಒರಟುತನವೂ ಕರಗುತ್ತದೆ. ನಂತರ ಇಟ್ಟರೆ ಒರಟುತನ ಹಾಗೇ ಉಳಿದು ಜೋರು ಮಾತ್ರ ತಗ್ಗುತ್ತದೆ. ಕೊನೆಗೆ ಡಿಸ್ಟಾರ್ಷನ್ನಿನ ನಂತರ, ಡಿಲೇಯ ಮೊದಲು ಇಟ್ಟರು. ಈಗ ಹಿಮ್ಮಡಿ ಊರಿದರೆ ಗಿಟಾರ್ ನಿಲ್ಲುತ್ತದೆ, ಅದರ ಮಾರ್ದನಿ ತನ್ನಷ್ಟಕ್ಕೆ ಮುಗಿಯುತ್ತದೆ. ರಿದಮ್ ಇರುವ ಹಾಡುಗಳಲ್ಲಿ ಕೆಳಮಿತಿಯನ್ನು 0ಯ ಬದಲು 40ಕ್ಕೆ ಏರಿಸಿದರು, ಕಾಲು ಮರೆತು ಹಿಂದಕ್ಕೆ ವಾಲಿದರೂ ಗಿಟಾರ್ ಪೂರ್ತಿ ಮಾಯವಾಗಬಾರದೆಂದು. ಇನ್ನೊಂದು ಪೆಡಲ್ ‘ವಾ’ ಎಫೆಕ್ಟಿಗೆ.

ಮರುದಿನ ಮಧ್ಯಾಹ್ನ ಪೆಂಡಾಲು. ಗಣಪನ ಎದುರಿನ ವೇದಿಕೆಯಾದ್ದರಿಂದ ಚಪ್ಪಲಿಗಳೆಲ್ಲ ಮೆಟ್ಟಿಲ ಕೆಳಗೆ. ಬರಿಗಾಲಿಗೆ ಸ್ವಿಚ್ಚಿನ ಅಂಚು ಒತ್ತುತ್ತದೆ, ಶೂಗಿಂತ ಬೆರಳಿಗೆ ಲೆಕ್ಕ ಚೆನ್ನಾಗಿ ಸಿಗುತ್ತದೆ. ಮೇಲುಸಾಲಿಗೆ ಕಾಲು ಚಾಚುವಾಗ ಹಿಮ್ಮಡಿ ಕೆಳಸಾಲಿಗೆ ತಗಲಬಾರದು. ಅದಕ್ಕೇ ಹಾಡಿನ ನಡುವೆ ಬೇಕಾಗುವ ಲೀಡ್, ಡಿಲೇ ಎರಡನ್ನೂ ಕೆಳಸಾಲಿನ ಎರಡು ತುದಿಗಳಿಗೆ ಕೊಟ್ಟಿದ್ದಾರೆ. ಸ್ವಿಚ್ಚುಗಳ ಮೇಲೆ ಬಿಳಿ ಟೇಪು, ಅದರ ಮೇಲೆ ಮಾರ್ಕರಿನಲ್ಲಿ ಕನ್ನಡ ಅಕ್ಷರ. ಹಲಗೆಯಿಂದ ರ‍್ಯಾಕಿಗೆ ಹೋಗುವ ಕೇಬಲ್ ಜಮಖಾನೆಯ ಅಡಿಯಲ್ಲಿ. ಮಿಡಿ ಕೇಬಲ್ಲಿಗೆ 15 ಮೀಟರಿನ ಮಿತಿ ಇದೆ. ಇಲ್ಲಿ ಅದರ ಅರ್ಧವೂ ಬೇಕಾಗಲಿಲ್ಲ.

ಸೌಂಡ್ ಚೆಕ್ಕಿನಲ್ಲಿ ರಾತ್ರಿಯ ಕೆಲಸದ ಒಂದು ಪಾಲು ಮತ್ತೆ ಮಾಡಬೇಕಾಗುತ್ತದೆ. ಕೋಣೆಯ ಹೆಡ್‌ಫೋನಿನಲ್ಲಿ ಜೋರಾಗಿದ್ದ ಲೀಡ್, ರಿದಮ್ ಪ್ಯಾಡೂ ಬೇಸೂ ಸೇರಿದೊಡನೆ ಹೂತುಹೋಗುತ್ತದೆ. ಸಣ್ಣ ದನಿಯಲ್ಲಿ ಸೊಗಸಾಗಿದ್ದ ಕೀರಲು ಸ್ಪೀಕರಿನ ಗೋಡೆಯಿಂದ ಚುಚ್ಚುತ್ತದೆ. ಗಿಟಾರಿಸ್ಟ್ ಕ್ಲೀನ್, ಲೀಡ್ ಎರಡನ್ನೂ ಬದಲಿಸಿ ಬದಲಿಸಿ ನುಡಿಸುತ್ತಾರೆ, ಮಿಕ್ಸರ್ ಹತ್ತಿರ ನಿಂತ ಹುಡುಗ ಕೈ ಎತ್ತಿ ಇಳಿಸಿ ಹೇಳುತ್ತಾನೆ. ಪ್ರತಿ ಪ್ರಿಸೆಟ್ಟಿನ ಲೆವೆಲ್ ಪ್ರೊಸೆಸರಿನಲ್ಲಿ ತಿದ್ದಿ, ತಿದ್ದಿದ್ದನ್ನು ಸೇವ್ ಮಾಡಿ, ಇನ್ನೊಂದಕ್ಕೆ. ಸೇವ್ ಮಾಡದೆ ಮುಂದಿನದಕ್ಕೆ ಹೋದರೆ ತಿದ್ದುಪಡಿ ಹೋಯಿತು. ಪ್ರತಿ ಸಲವೂ ಹುಡುಗ ಕೂಗುತ್ತಾನೆ: “ಅಣ್ಣಾ, ಸೇವ್!”

ರಾತ್ರಿ ಎಂಟು. ಬೀದಿ ತುಂಬ ಕುರ್ಚಿ, ಕುರ್ಚಿ ತುಂಬ ಜನ. ನಾನು ವೇದಿಕೆಯ ಬಲಬದಿಯಲ್ಲಿ ನಿಂತು ಕಾಲುಗಳನ್ನೇ ನೋಡುತ್ತಿದ್ದೆ. ಎರಡನೇ ಇಂಟರ್‌ಲೂಡಿಗೆ ಒಂದು ಬಡಿತ ಮುಂಚೆ ಎಡಗಾಲು ಹೊರಡುತ್ತದೆ. ಕಣ್ಣು ಗಾಯಕಿಯ ಕಡೆಗೇ ಇದೆ. ಲೀಡ್ ಎದ್ದು ನಿಂತು, ಹಾಡಿ, ಇಳಿಯುತ್ತದೆ. ಬಲಗಾಲ ಹಿಮ್ಮಡಿ ನಿಧಾನಕ್ಕೆ ಊರುತ್ತದೆ. ಡಿಲೇಯ ಬಾಲ ಸಾಯುವಷ್ಟರಲ್ಲಿ ಚರಣದ ಮೊದಲ ಅಕ್ಷರ ಅದರ ಮೇಲೆ ಬಂದು ಕೂರುತ್ತದೆ. ನೋಟ್‌ಬುಕ್ಕಿನಲ್ಲಿ ‘ಗಾಯಕಿಗೆ ಜಾಗ’ ಎಂದು ಬರೆದದ್ದು ಇಂಥದ್ದನ್ನೇ.

ಆರನೇ ಹಾಡು ಮುಗಿಯುವಾಗ ಜನರ ನಡುವಿನಿಂದ ಒಂದು ಚೀಟಿ ಬಂತು. ಪಟ್ಟಿಯಲ್ಲಿಲ್ಲದ ಹಾಡು. ನಿರೂಪಕ ಓದಿದ ಕೂಡಲೇ ಶಿಳ್ಳೆ. ಹುಡುಗ ಗಾಬರಿಯಿಂದ ಇತ್ತ ತಿರುಗಿದ. ಗಿಟಾರಿಸ್ಟ್ ಆಗಲೇ ‘ಅಪ್’ ಅದುಮುತ್ತಾ ಕೊನೆಯ ಬ್ಯಾಂಕಿಗೆ ಹೊರಟಿದ್ದರು. ಅಲ್ಲಿ ಯಾವ ಹಾಡಿನ ಹೆಸರೂ ಇಲ್ಲ. ಒಂದು ಕ್ಲೀನ್, ಒಂದು ಕ್ರಂಚ್, ಒಂದು ಲೀಡ್, ಒಂದು ಅಕೌಸ್ಟಿಕ್ ಥರದ್ದು, ಅಷ್ಟೆ. ಚೀಟಿಗಳಿಗೆಂದೇ ಮೀಸಲಿಟ್ಟ ಬ್ಯಾಂಕ್.

“ಶ್ರುತಿ ಎಷ್ಟು?” ಎಂದು ಗಾಯಕಿಯನ್ನು ಕೇಳಿದರು. ಕ್ಲೀನ್ ಮೇಲೆ ಕಾಲಿಟ್ಟರು. ಶುರುವಾಯಿತು.