ಮೂರನೆಯ ಸಾರಿ ಕೂಗಿದ ಮೇಲೆ

ತಾಲ್ಲೂಕು ಕಚೇರಿಯ ಅಂಗಳದಲ್ಲಿ ಹುಣಿಸೆಮರದ ಫಸಲನ್ನೋ ಜಪ್ತಿಯಾದ ಸಾಮಾನನ್ನೋ ಹರಾಜು ಹಾಕುವುದನ್ನು ಕಂಡವರಿಗೆ ಅದರ ಕ್ರಮ ನೆನಪಿರಬಹುದು. “ಒಂದು ಸಾರಿ, ಎರಡು ಸಾರಿ” ಎಂದು ಕೂಗುವವನ ದನಿ ಏರುತ್ತದೆ. ಮೂರನೆಯ ಸಾರಿಗೆ ವಸ್ತು ಒಬ್ಬನ ಪಾಲಾಗುತ್ತದೆ. ಆ ಒಬ್ಬನು ಅಲ್ಲಿಯೇ, ಹತ್ತು ಜನರ ನಡುವೆ ನಿಂತಿರುತ್ತಾನೆ. ಠೇವಣಿಯನ್ನು ಮೊದಲೇ ಕಟ್ಟಿರುತ್ತಾನೆ. ಅವನ ಊರು, ಮನೆತನ ಎಲ್ಲರಿಗೂ ಗೊತ್ತು. ಮರುದಿನ ಬಂದು “ನನಗೆ ಬೇಡ” ಎಂದನೋ, ಠೇವಣಿಯೂ ಹೋಯಿತು, ಮರ್ಯಾದೆಯೂ ಹೋಯಿತು.

ಅಂತರಜಾಲದ ಹರಾಜಿನಲ್ಲಿ ಈ ಮೂರನೆಯ ಕೂಗೇ ಇಲ್ಲ. ಗೊತ್ತಾದ ದಿನ, ಗೊತ್ತಾದ ನಿಮಿಷಕ್ಕೆ ಗಡಿಯಾರ ಬಂದು ನಿಂತಾಗ ಯಾರ ಸವಾಲು ಹೆಚ್ಚಿನದೋ ಅವನು ಗೆದ್ದ. ಗೆದ್ದವನು ಯಾರು? ಒಂದು ಅಡ್ಡಹೆಸರು, ಅದರ ಪಕ್ಕದಲ್ಲಿ ಒಂದು ಅಂಕಿ. ಅವನು ಸಜ್ಜನನೋ, ಪೀಡಕನೋ, ಸವಾಲು ಕೂಗಿದ್ದನ್ನೇ ಮರೆತು ಮಲಗಿರುವ ಮಹಾಶಯನೋ ಮಾರುವವರಿಗೆ ತಿಳಿಯದು. ಹಳೆಯ ಹರಾಜು ಕಟ್ಟೆಯಲ್ಲಿ ಮುಖ ನೋಡಿ ಬಗೆಹರಿಯುತ್ತಿದ್ದ ಸಂಗತಿಗಳನ್ನು ಇಲ್ಲಿ ಕಾಗದಪತ್ರದಿಂದಲೂ ನಿಯಮದಿಂದಲೂ ತಾಳ್ಮೆಯಿಂದಲೂ ಬಗೆಹರಿಸಬೇಕಾಗಿದೆ.

ಈ ವ್ಯಾಪಾರದ ಮೊದಲ ಗಿರಾಕಿಯೇ ವಿಚಿತ್ರ ವ್ಯಕ್ತಿ. 1995ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಪಿಯೆರ್ ಒಮಿಡ್ಯಾರ್ ಎಂಬ ತರುಣನು ಹರಾಜಿನ ತಾಣವೊಂದನ್ನು ತೆರೆದನು. ಅದೇ ಮುಂದೆ ‘ಈಬೇ’ ಎಂದು ಲೋಕಪ್ರಸಿದ್ಧವಾಯಿತು. ಪರೀಕ್ಷೆಗೆಂದು ಅವನು ಮಾರಾಟಕ್ಕಿಟ್ಟದ್ದು ತನ್ನದೇ ಒಂದು ಕೆಟ್ಟುಹೋದ ಲೇಸರ್ ಕಡ್ಡಿ. ಅದು 14.83 ಡಾಲರಿಗೆ ಹೋಯಿತು! ಬೆರಗಾದ ಒಮಿಡ್ಯಾರನು ಕೊಂಡವನಿಗೆ ಪತ್ರ ಬರೆದು, “ಇದು ಕೆಟ್ಟಿದೆಯೆಂಬುದು ತಮಗೆ ಗೊತ್ತಷ್ಟೆ?” ಎಂದು ಕೇಳಿದನಂತೆ. ತಾನು ಕೆಟ್ಟ ಲೇಸರ್ ಕಡ್ಡಿಗಳನ್ನೇ ಸಂಗ್ರಹಿಸುವವನೆಂದು ಉತ್ತರ ಬಂದಿತು. ಜಗತ್ತಿನಲ್ಲಿ ಎಂಥೆಂಥ ಕೊಳ್ಳುಗರಿರುವರೆಂಬುದಕ್ಕೆ ಈ ಕಥೆಯನ್ನು ಹೇಳುವುದು ವಾಡಿಕೆ. ಆದರೆ ಅದಕ್ಕಿಂತ ಹೆಚ್ಚಾಗಿ ಗಮನಿಸತಕ್ಕದ್ದು ಆ ಪ್ರಶ್ನೆಯನ್ನು. ಹಣ ಕೈಸೇರುವ ಮೊದಲೇ ದೋಷವನ್ನು ಬಾಯಿಬಿಟ್ಟು ಹೇಳಿಬಿಟ್ಟರೆ ಮುಂದಿನ ಜಗಳಗಳಲ್ಲಿ ಅರ್ಧದಷ್ಟು ಹುಟ್ಟುವುದೇ ಇಲ್ಲ.

ನಮ್ಮ ಬೆಂಗಳೂರಿನದೇ ಒಂದು ವಸ್ತುವನ್ನು ತೆಗೆದುಕೊಳ್ಳೋಣ. ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆಯನ್ನು ತೆರೆದ ಎಚ್.ಎಂ.ಟಿ. ಸಂಸ್ಥೆಯ ‘ಜನತಾ’, ‘ಪೈಲಟ್’ ಗಡಿಯಾರಗಳು ಒಂದು ಕಾಲದಲ್ಲಿ ಅಳಿಯಂದಿರ ಮಣಿಕಟ್ಟಿನ ಭೂಷಣವಾಗಿದ್ದುವು. 2016ರಲ್ಲಿ ಕೇಂದ್ರ ಸರ್ಕಾರವು ಗಡಿಯಾರದ ವಿಭಾಗವನ್ನು ಮುಚ್ಚಲು ತೀರ್ಮಾನಿಸಿದ ಸುದ್ದಿ ಹರಡಿದಾಗ ಇವಕ್ಕೆ ಬೇಡಿಕೆ ಮತ್ತಷ್ಟು ಏರಿತು. ಇಂದು ದೂರದೂರದ ದೇಶಗಳ ಸಂಗ್ರಾಹಕರು ಕೀಲಿ ಕೊಡುವ ಈ ಗಡಿಯಾರಗಳನ್ನು ಅಂತರಜಾಲದಲ್ಲಿ ಹುಡುಕಿ ಕೊಳ್ಳುತ್ತಾರೆ. ಇಲ್ಲಿಯೇ ತೊಡಕು. ಮಾಸಿದ ಮುಖಫಲಕಕ್ಕೆ ಹೊಸ ಬಣ್ಣ ಬಳಿದು, ಒಂದರ ಯಂತ್ರಕ್ಕೆ ಇನ್ನೊಂದರ ಕವಚ ತೊಡಿಸಿ ‘ಅಸಲಿ’ ಎಂದು ಮಾರುವವರೂ ಬೇಕಾದಷ್ಟು ಮಂದಿ ಇದ್ದಾರೆ. ಹೀಗೆ ಒಮ್ಮೆ ಕೈಸುಟ್ಟುಕೊಂಡ ಕೊಳ್ಳುಗನು ಮುಂದಿನ ಸಾರಿ ಪ್ರಾಮಾಣಿಕನನ್ನೂ ಸಂಶಯದಿಂದಲೇ ನೋಡುತ್ತಾನೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನು ಕುರಿತು ವಿವರಿಸಿದ್ದು ಇದನ್ನೇ: ಸರಕಿನ ಗುಣ ಮಾರುವವನಿಗೆ ಮಾತ್ರ ಗೊತ್ತಿದ್ದರೆ, ಒಳ್ಳೆಯ ಸರಕಿಗೂ ಕೆಟ್ಟ ಸರಕಿನ ಬೆಲೆಯೇ ದೊರೆಯುತ್ತದೆ.

ಒಬ್ಬ ಗೃಹಿಣಿ ತನ್ನ ತಂದೆಯ ‘ಜನತಾ’ ಗಡಿಯಾರವನ್ನು ಇಂಥ ಹರಾಜಿಗೆ ಇಟ್ಟಳೆನ್ನಿ. ಏಳು ದಿನ ಸವಾಲು ನಡೆದು ಒಳ್ಳೆಯ ಬೆಲೆಯೇ ಬಂದಿತು. ಮನೆಮಂದಿಗೆಲ್ಲ ಸಂತೋಷ. ಎರಡು ದಿನವಾಯಿತು, ಮೂರು ದಿನವಾಯಿತು, ಹಣವಿಲ್ಲ. ಪತ್ರಕ್ಕೆ ಉತ್ತರವೂ ಇಲ್ಲ. ಇವನೇ ಮೊದಲನೆಯ ಜಾತಿಯ ಗಿರಾಕಿ. ಹುಮ್ಮಸ್ಸಿನಲ್ಲಿ ಕೂಗಿ, ಬೆಳಗಾದ ಮೇಲೆ ಪಶ್ಚಾತ್ತಾಪಪಡುವವನು. ಈಬೇಯ ನಿಯಮದಂತೆ ನಾಲ್ಕು ದಿನ ಕಾದು ಹಣ ಬಾರದಿದ್ದರೆ ವ್ಯವಹಾರವನ್ನು ರದ್ದುಪಡಿಸಬಹುದು. ಅವನ ಹೆಸರಿಗೆ ಆ ಕಳಂಕ ದಾಖಲಾಗುತ್ತದೆ. ಅವನ ನಂತರ ಹೆಚ್ಚು ಕೂಗಿದ್ದವನಿಗೆ ವಸ್ತುವನ್ನು ಕೊಡಮಾಡುವ ಅವಕಾಶವೂ ಉಂಟು. ಪದೇಪದೇ ಹಣ ಕಟ್ಟದೆ ಕೈಕೊಟ್ಟವರು ತನ್ನ ಹರಾಜಿಗೆ ಬಾರದಂತೆ ಮಾರುವವನು ಮೊದಲೇ ಬಾಗಿಲು ಹಾಕಿಕೊಳ್ಳಬಹುದು. ಅನೇಕರು ಈ ಬಾಗಿಲಿರುವುದನ್ನೇ ಅರಿಯರು.

ಕೋರ್ಟಿಗೆ ಹೋಗಬಹುದಲ್ಲ ಎಂದು ಕೇಳುವವರುಂಟು. ಅಂತರಜಾಲದ ಹರಾಜು ಕಾನೂನಿನ ಕಣ್ಣಿನಲ್ಲಿ ಕರಾರೇ ಹೌದೆಂಬುದಕ್ಕೆ ಆಸ್ಟ್ರೇಲಿಯದಲ್ಲಿ ಒಂದು ಪ್ರಸಿದ್ಧ ತೀರ್ಪಿದೆ. ಅಲ್ಲಿ ಮಾರುವವನೊಬ್ಬ ‘ವಿರಾವೇ’ ಎಂಬ ಹಳೆಯ ವಿಮಾನವನ್ನು ಹರಾಜಿಗಿಟ್ಟು, 1,50,000 ಡಾಲರಿಗೆ ಸವಾಲು ಬಂದ ಮೇಲೆ ಬೇರೆಯವರಿಗೆ ಕೊಡುವೆನೆಂದು ಹಿಂಜರಿದ. 2007ರಲ್ಲಿ ನ್ಯೂ ಸೌತ್ ವೇಲ್ಸಿನ ಸುಪ್ರೀಂ ಕೋರ್ಟು, ವಿಮಾನವನ್ನು ಗೆದ್ದವನಿಗೇ ಒಪ್ಪಿಸಬೇಕೆಂದು ಆಜ್ಞೆ ಮಾಡಿತು. ಕರಾರು ಮಾರುವವನನ್ನು ಕಟ್ಟುವಂತೆಯೇ ಕೊಳ್ಳುವವನನ್ನೂ ಕಟ್ಟುತ್ತದೆ, ನಿಜ. ಆದರೆ ವಿಮಾನಕ್ಕೆ ಸಲ್ಲುವ ನ್ಯಾಯ ಕೈಗಡಿಯಾರಕ್ಕೆ ಸಲ್ಲುವುದರೊಳಗೆ ವಕೀಲರ ಫೀಜೇ ಗಡಿಯಾರದ ಹತ್ತರಷ್ಟಾದೀತು.

ಎರಡನೆಯ ಜಾತಿಯವನು ಇವನಿಗಿಂತ ಚತುರ. ಹಣ ಕಟ್ಟುತ್ತಾನೆ, ವಸ್ತುವನ್ನೂ ಪಡೆಯುತ್ತಾನೆ. ಬಳಿಕ ಒಂದು ಪತ್ರ ಬರುತ್ತದೆ: “ಗಾಜಿನ ಮೇಲೆ ಗೆರೆಯಿದೆ. ಕಾಲುಭಾಗ ಹಣ ಹಿಂದಕ್ಕೆ ಕೊಡಿ. ಇಲ್ಲವಾದರೆ ನಿಮ್ಮ ಬಗ್ಗೆ ಏನು ಬರೆಯಬೇಕೋ ಗೊತ್ತಿದೆ.” ಈ ಬೆದರಿಕೆಗೆ ಇಷ್ಟು ಬಲ ಎಲ್ಲಿಂದ ಬಂದಿತೆಂಬುದಕ್ಕೆ ಸ್ವಲ್ಪ ಇತಿಹಾಸ ಬೇಕು.

ಅಪರಿಚಿತರ ನಡುವೆ ನಂಬಿಕೆ ಹುಟ್ಟಿಸಲು ಒಮಿಡ್ಯಾರನು 1996ರಲ್ಲಿ ಅಭಿಪ್ರಾಯ ಫಲಕವೊಂದನ್ನು ಏರ್ಪಡಿಸಿದ. ವ್ಯವಹಾರ ಮುಗಿದ ಮೇಲೆ ಕೊಂಡವನೂ ಮಾರಿದವನೂ ಪರಸ್ಪರ ಪ್ರಶಂಸೆಯನ್ನೋ ದೂರನ್ನೋ ಎಲ್ಲರೂ ಓದುವಂತೆ ಬರೆಯಬೇಕು. ಹಳ್ಳಿಯ ಜಗಲಿಯ ಮಾತು ಊರೆಲ್ಲ ಹರಡುವ ಹಾಗೆಯೇ ಇದು. ಈ ಒಳ್ಳೆಯ ಹೆಸರಿಗೆ ಬೆಲೆಯೂ ಉಂಟು. ಹಳೆಯ ಚಿತ್ರ ಕಾರ್ಡುಗಳ ಅನುಭವಿ ವ್ಯಾಪಾರಿಯೊಬ್ಬನು ಒಂದೇ ಬಗೆಯ ಕಾರ್ಡುಗಳನ್ನು ತನ್ನ ಪ್ರಸಿದ್ಧ ಹೆಸರಿನಲ್ಲಿಯೂ ಯಾರೂ ಕೇಳದ ಹೊಸ ಹೆಸರುಗಳಲ್ಲಿಯೂ ಮಾರಿ ನೋಡುವಂತೆ ವಿದ್ವಾಂಸರು ಏರ್ಪಾಡು ಮಾಡಿದ್ದರು. 2006ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಹಳೆಯ ಹೆಸರಿಗೆ ಕೊಳ್ಳುಗರು ನೂರಕ್ಕೆ ಸುಮಾರು ಎಂಟರಷ್ಟು ಹೆಚ್ಚು ಕೊಡಲು ಸಿದ್ಧರಿದ್ದರು.

ಆದರೆ ಕತ್ತಿಗೆ ಎರಡು ಅಲಗು. “ನೀನು ನನ್ನನ್ನು ಬೈದರೆ ನಾನೂ ನಿನ್ನನ್ನು ಬೈಯುತ್ತೇನೆ” ಎಂಬ ಮುಯ್ಯಿಯ ಭಯದಿಂದ ಅನೇಕ ಕೊಳ್ಳುಗರು ಮೋಸಹೋದರೂ ಬಾಯಿ ಬಿಡಲಿಲ್ಲ. ಕೊಂಡವನು ಹೊಗಳಿದ ಮೇಲೆಯೇ ತಾನು ಹೊಗಳುವುದೆಂದು ಕಾದು ಕೂರುವ ವ್ಯಾಪಾರಿಗಳೂ ಇದ್ದರು. ಇದನ್ನು ಸರಿಪಡಿಸಲು ಈಬೇ 2008ರಲ್ಲಿ ನಿಯಮವನ್ನೇ ಬದಲಿಸಿತು; ಅಂದಿನಿಂದ ಮಾರುವವರು ಕೊಳ್ಳುವವರ ಮೇಲೆ ಪ್ರತಿಕೂಲವಾದ ಅಭಿಪ್ರಾಯ ಬರೆಯುವಂತಿಲ್ಲ. ಮಾರಾಟಗಾರರು ಕೋಪಗೊಂಡರು. ಆ ವರ್ಷದ ಫೆಬ್ರವರಿಯಲ್ಲಿ ಕೆಲವರು ಒಂದು ವಾರದ ಮುಷ್ಕರವನ್ನೂ ಹೂಡಿದರು. ಅವರ ದೂರಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಒಬ್ಬರ ಕೈಯಿಂದ ಕೋಲು ಕಸಿದುಕೊಂಡ ಮೇಲೆ ಇನ್ನೊಬ್ಬರ ಕೋಲಿಗೆ ಭಾರ ಹೆಚ್ಚುವುದು ಸಹಜವಷ್ಟೆ.

ಹಾಗೆಂದು ಮಾರುವವನು ನಿರಾಯುಧನೇನೂ ಅಲ್ಲ. ಹೆಚ್ಚಿನದನ್ನು ಕಿತ್ತುಕೊಳ್ಳಲು ಅಭಿಪ್ರಾಯದ ಬೆದರಿಕೆ ಹಾಕುವುದನ್ನು ನಿಯಮವೇ ನಿಷೇಧಿಸುತ್ತದೆ. ಆದರೆ ಬೆದರಿಕೆ ಬರಹದಲ್ಲಿರಬೇಕು, ಅದೂ ತಾಣದ ಪತ್ರಪೆಟ್ಟಿಗೆಯಲ್ಲಿಯೇ ಇರಬೇಕು. ಫೋನಿನಲ್ಲಿ ಮಾತನಾಡಿ ಮುಗಿಸೋಣ ಎನ್ನುವ ಗಿರಾಕಿಯ ವಿನಯಕ್ಕೆ ಮರುಳಾದವನ ಬಳಿ ಸಾಕ್ಷ್ಯ ಉಳಿಯದು. “ಕಾಲುಭಾಗ ಕೊಡಲಾಗದು, ವಸ್ತು ಒಪ್ಪಿಗೆಯಾಗದಿದ್ದರೆ ಹಿಂದಕ್ಕೆ ಕಳುಹಿಸಿ, ಪೂರ್ತಿ ಹಣ ಕೊಡುತ್ತೇನೆ” ಎಂಬ ಎರಡು ಸಾಲಿನ ಶಾಂತವಾದ ಉತ್ತರಕ್ಕೆ, ಚೌಕಾಸಿಗೆಂದೇ ಬಂದವರಲ್ಲಿ ಬಹಳ ಮಂದಿ ಸುಮ್ಮನಾಗುತ್ತಾರೆ.

ಕೋಪದ ಉತ್ತರ ಎಲ್ಲಿಗೆ ಮುಟ್ಟುವುದೆಂಬುದಕ್ಕೂ ಒಂದು ಉದಾಹರಣೆ ಇದೆ. ಅಮೆರಿಕದ ಒಹಾಯೊ ಸಂಸ್ಥಾನದ ಕಂಪನಿಯೊಂದರಿಂದ ದಕ್ಷಿಣ ಕೆರೊಲೈನದ ಮಹಿಳೆಯೊಬ್ಬರು ಸೂಕ್ಷ್ಮದರ್ಶಕದ ಉಪಕರಣವೊಂದನ್ನು ಕೊಂಡರು. ಅಂಚೆವೆಚ್ಚ 1.44 ಡಾಲರು ಕಡಿಮೆಯಾಗಿತ್ತು. ಆಕೆಯೇ ತೆತ್ತು ಬಿಡಿಸಿಕೊಳ್ಳಬೇಕಾಯಿತು. ಆಕೆ ಅದನ್ನೇ ಬರೆದು ಪ್ರತಿಕೂಲ ಅಭಿಪ್ರಾಯ ಕೊಟ್ಟರು. ಆಕೆ ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹಣ ಹಿಂದಕ್ಕೆ ಕೊಡುತ್ತೇವೆ, ಅಭಿಪ್ರಾಯ ತೆಗೆಯಿರಿ ಎಂದರೂ ಆಕೆ ಒಪ್ಪದಿದ್ದಾಗ ಕಂಪನಿ 2013ರಲ್ಲಿ ದಾವೆ ಹೂಡಿತು. ಸುದ್ದಿ ಹಬ್ಬಿ ಲೋಕವೆಲ್ಲ ಕಂಪನಿಯನ್ನು ಜರೆಯಿತು. ಕೊನೆಗೆ ದಾವೆಯನ್ನು ಹಿಂದೆಗೆದುಕೊಂಡು ಕ್ಷಮೆ ಕೇಳಬೇಕಾಯಿತು. ಒಂದೂವರೆ ಡಾಲರಿಗೂ ಕಡಮೆಯ ಅಂಚೆಚೀಟಿ! ಆಕೆಯನ್ನು ‘ತೊಂದರೆಯ ಗಿರಾಕಿ’ ಎಂದು ಕರೆದವರು ಯಾರೆಂದು ಯೋಚಿಸಿದರೆ, ಆ ಹೆಸರು ಎಷ್ಟೋ ಸಲ ಮಾರುವವರ ಬೇಜವಾಬ್ದಾರಿಗೆ ಹೊದಿಸಿದ ಶಾಲು ಎಂಬುದು ಗೊತ್ತಾಗುತ್ತದೆ.

ಮೂರನೆಯ ಜಾತಿಯವನು ಮಾತ್ರ ನಿಜಕ್ಕೂ ಅಪಾಯಕಾರಿ. ವಸ್ತು ಬಂದೇ ಇಲ್ಲ ಎನ್ನುತ್ತಾನೆ. ಇಲ್ಲವೆ ಅಸಲಿಯನ್ನು ಇಟ್ಟುಕೊಂಡು ಕೆಟ್ಟುದೊಂದನ್ನು ಹಿಂದಕ್ಕೆ ಕಳುಹಿಸುತ್ತಾನೆ. ವಸ್ತು ವರ್ಣನೆಗೆ ತಕ್ಕಂತಿಲ್ಲವೆಂದು ಮೂವತ್ತು ದಿನಗಳೊಳಗೆ ದೂರುವ ಹಕ್ಕು ಈಬೇಯಲ್ಲಿ ಕೊಂಡವನಿಗಿದೆ. ಮಾರಿದವನು ಮೂರು ಕೆಲಸದ ದಿನಗಳಲ್ಲಿ ಉತ್ತರಿಸದಿದ್ದರೆ ತಾಣವೇ ನಡುವೆ ಬಂದು ತೀರ್ಮಾನ ಹೇಳಬಹುದು. ಆಗ ಮಾತಿಗೆ ಬೆಲೆಯಿಲ್ಲ, ಕಾಗದಕ್ಕೆ ಬೆಲೆ. ಗಡಿಯಾರದ ಹಿಂಬದಿಯ ಅಂಕಿಗಳು, ಕವಚ ತೆರೆದಾಗ ಕಾಣುವ ಯಂತ್ರ, ಮುಖಫಲಕದ ಕಲೆ, ಪೊಟ್ಟಣ ಕಟ್ಟುವ ಕ್ರಮ ಎಲ್ಲದರ ಚಿತ್ರವನ್ನೂ ಮಾರುವ ಮೊದಲೇ ತೆಗೆದಿಟ್ಟುಕೊಂಡಿರಬೇಕು. ಅಂಚೆಯ ಜಾಡು ತೋರುವ ಸಂಖ್ಯೆಯಿಲ್ಲದೆ ಏನನ್ನೂ ಕಳುಹಿಸಬಾರದು. 750 ಡಾಲರಿಗೂ ಮೇಲ್ಪಟ್ಟ ವಸ್ತುವಾದರೆ ಪಡೆದವನ ಸಹಿಯೂ ಬೇಕೆಂಬುದು ನಿಯಮ. ಹೊರದೇಶದ ಗಿರಾಕಿ ಸುಂಕ ಉಳಿಸಲೆಂದು “ಉಡುಗೊರೆ ಎಂದು ಬರೆದುಬಿಡಿ” ಎಂದು ಕೇಳುವುದುಂಟು. ಅದಕ್ಕೆ ಒಪ್ಪಿದವನು ಸುಂಕದ ಇಲಾಖೆಗೆ ಸುಳ್ಳು ಹೇಳಿದಂತಾಗುವುದಲ್ಲದೆ, ಪೊಟ್ಟಣ ಕಳೆದಾಗ ನಿಜವಾದ ಬೆಲೆಯನ್ನು ಕೇಳುವ ಬಾಯನ್ನೂ ಕಳೆದುಕೊಳ್ಳುತ್ತಾನೆ.

ನಮ್ಮ ದೇಶದಲ್ಲಿ ಇಂಥ ಹರಾಜಿನ ಕಥೆ ಬೇರೆ ಹಾದಿ ಹಿಡಿಯಿತು. 2000ದಲ್ಲಿ ಹುಟ್ಟಿದ ‘ಬಾಜಿ’ ತಾಣವನ್ನು 2004ರಲ್ಲಿ ಈಬೇ ಕೊಂಡಿತು. 2017ರಲ್ಲಿ ಅದರ ಭಾರತದ ವ್ಯವಹಾರ ಬೆಂಗಳೂರಿನ ಫ್ಲಿಪ್‌ಕಾರ್ಟಿನ ವಶಕ್ಕೆ ಬಂದು, 2018ರ ಆಗಸ್ಟಿನಲ್ಲಿ ಇಲ್ಲಿಯ ತಾಣ ಮುಚ್ಚಿತು. ಈಗ ನಮ್ಮ ಮನೆಗಳ ಹಳೆಯ ಸೋಫಾ, ಹೊಲಿಗೆಯಂತ್ರಗಳು ಹರಾಜಿಲ್ಲದ ಜಾಹೀರಾತು ತಾಣಗಳ ಮೂಲಕ ಮಾರಾಟವಾಗುತ್ತಿವೆ. ಮುಖ ಕಾಣದ ಗಿರಾಕಿ ಮಾತ್ರ ಅವನೇ.

ಅಲ್ಲಿ ನಡೆಯುವ ನಾಟಕ ಹೀಗೆ. ಜಾಹೀರಾತು ಕೊಟ್ಟ ಅರ್ಧ ಗಂಟೆಯಲ್ಲಿ ಕರೆ ಬರುತ್ತದೆ. ಮಾತನಾಡುವವನು ತಾನು ಸೈನ್ಯದಲ್ಲಿರುವವನೆಂದು ಹೇಳಿಕೊಳ್ಳುತ್ತಾನೆ. ಗುರುತಿನ ಚೀಟಿಯ ಚಿತ್ರವನ್ನೂ ಕಳುಹಿಸುತ್ತಾನೆ. ಚೌಕಾಸಿಯೇ ಇಲ್ಲ. ವಸ್ತುವನ್ನು ನೋಡುವ ಆಸೆಯೂ ಇಲ್ಲ. ಇಷ್ಟಕ್ಕೇ ಮನೆಯ ಹಿರಿಯರು ಎಚ್ಚರಗೊಳ್ಳಬೇಕು. ನಮ್ಮವರಲ್ಲಿ ಚೌಕಾಸಿ ಮಾಡದೆ ಹಳೆಯ ಸೋಫಾ ಕೊಂಡವರುಂಟೆ? ಬಳಿಕ ಅವನು ಚೌಕುಳಿ ಗುರುತೊಂದನ್ನು ಕಳುಹಿಸಿ, “ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ, ಹಣ ನಿಮ್ಮ ಖಾತೆಗೆ ಬರುತ್ತದೆ” ಎನ್ನುತ್ತಾನೆ. ಒತ್ತಿದೊಡನೆ ಹಣ ಬರುವ ಬದಲು ಹೋಗುತ್ತದೆ. ಯುಪಿಐ ವ್ಯವಸ್ಥೆಯಲ್ಲಿ ಪಿನ್ ಒತ್ತಬೇಕಾದದ್ದು ಹಣ ಕೊಡುವವನೇ ಹೊರತು ಪಡೆಯುವವನಲ್ಲ. ಈ ಒಂದು ಸಂಗತಿಯನ್ನು ಮನೆಯಲ್ಲಿ ಫೋನು ಹಿಡಿಯುವ ಎಲ್ಲರಿಗೂ, ಅಜ್ಜ ಅಜ್ಜಿಯರಿಗಂತೂ ತಪ್ಪದೆ, ಬಿಡಿಸಿ ಹೇಳಿರಬೇಕು. ಹಣ ಹೋದುದು ತಿಳಿದ ಕೂಡಲೇ, ನಾಚಿಕೆಯಿಂದ ಮುಚ್ಚಿಡದೆ, ಬ್ಯಾಂಕಿಗೂ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೂ ತಿಳಿಸತಕ್ಕದ್ದು. ಕದ್ದ ಹಣ ಖಾತೆಯಿಂದ ಖಾತೆಗೆ ಹಾರಿಹೋಗುವುದರೊಳಗೆ ದೂರು ತಲುಪಿದರೆ ಅದನ್ನು ನಡುದಾರಿಯಲ್ಲಿಯೇ ತಡೆಹಿಡಿಯುವ ಏರ್ಪಾಡು ಅಲ್ಲಿದೆ.