ಕರುಳಿನ ಗೋಡೆಗೆ ನಾಲ್ಕು ಪದರ: ಮನೆಯಲ್ಲೇ ಹೇಳಿಕೊಡಿ

ಪೋಷಕರೇ, ನಮ್ಮ ಹೊಸೂರು, ತಾಳವಾಡಿ ಕಡೆಯ ಮಕ್ಕಳು ಹತ್ತನೇ ತರಗತಿ ಮುಗಿಸಿ ತಮಿಳು ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವಾಗ ನಿಮಗಿರುವ ದೊಡ್ಡ ಅಂಜಿಕೆ ವಿಜ್ಞಾನದ್ದು. ಹನ್ನೊಂದನೇ ತರಗತಿಯ ಜೀವಶಾಸ್ತ್ರದಲ್ಲಿ ಜೀರ್ಣಾಂಗಗಳ ಪಾಠ ತೆರೆದರೆ ಮ್ಯುಕೋಸಾ, ಸಬ್‌ಮ್ಯುಕೋಸಾ, ಮಸ್ಕ್ಯುಲಾರಿಸ್, ಸಿರೋಸಾ ಎಂಬ ಹೆಸರುಗಳು ಎದುರಾಗುತ್ತವೆ. ಇಂಥ ಹೆಸರುಗಳಿಗೆ ಹೆದರಿ ಜೀವಶಾಸ್ತ್ರವನ್ನೇ ಬಿಟ್ಟ ಮಕ್ಕಳನ್ನು ನಾನು ಕಂಡಿದ್ದೇನೆ.

ನಾನೂ ಕನ್ನಡದಲ್ಲಿ ಓದಿ ನಡುವೆ ತಮಿಳಿಗೆ ಹೋದವನು. ತರಗತಿಯಲ್ಲಿ ಮೇಷ್ಟರು ‘ಇರೈಪ್ಪೈ’ ಎಂದಾಗ ಕಂಗಾಲಾಗಿದ್ದೆ. ಇರೈ ಎಂದರೆ ಆಹಾರ, ಪೈ ಎಂದರೆ ಚೀಲ. ನನಗೆ ಮೊದಲೇ ಗೊತ್ತಿದ್ದ ಜಠರವೇ ಅದು ಎಂದು ತಿಳಿದ ಮೇಲೆ ಪಾಠ ಸಲೀಸಾಯಿತು. ವಿಷಯ ಮನಸ್ಸಿನಲ್ಲಿ ಕೂತಿದ್ದರೆ ಹೊಸ ಹೆಸರು ಕಲಿಯುವುದು ಕಷ್ಟವಲ್ಲ. ಆದ್ದರಿಂದ ಈಗಲೇ ಕನ್ನಡದಲ್ಲಿ ತಿಳಿಸಿಕೊಡಿ.

ಅನ್ನನಾಳದಿಂದ ಗುದದ್ವಾರದವರೆಗೆ ಇರುವುದು ಒಂದೇ ಕೊಳವೆ. ದೊಡ್ಡವರಲ್ಲಿ ಅನ್ನನಾಳ ಸುಮಾರು 25 ಸೆಂ.ಮೀ., ಸಣ್ಣ ಕರುಳು ಸುಮಾರು 6 ಮೀಟರ್, ದೊಡ್ಡ ಕರುಳು ಸುಮಾರು 1.5 ಮೀಟರ್ ಉದ್ದ. ಆಕಾರ ಬೇರೆಯಾದರೂ ಗೋಡೆಯ ರಚನೆ ಹೆಚ್ಚುಕಡಿಮೆ ಒಂದೇ. ಒಳಗಿನಿಂದ ಹೊರಕ್ಕೆ ಎಣಿಸಿ.

ಮೊದಲನೆಯದು ಲೋಳೆಪೊರೆ, ಆಹಾರಕ್ಕೆ ತಾಗುವ ಪದರ. ಸಣ್ಣ ಕರುಳಿನಲ್ಲಿ ಇದರ ಮೇಲೆಲ್ಲ ಬೆರಳಿನಂಥ ಪುಟ್ಟ ಎಳೆಗಳಿರುತ್ತವೆ. ಟರ್ಕಿ ಟವೆಲನ್ನು ಮಗುವಿನ ಕೈಗೆ ಕೊಡಿ. ಎಳೆಗಳಿರುವುದರಿಂದ ಅಷ್ಟೇ ಜಾಗದಲ್ಲಿ ಹೆಚ್ಚು ನೀರು ಹೀರುತ್ತದೆ. ಕರುಳು ಸಾರ ಹೀರುವುದಕ್ಕೂ ಎಳೆಗಳೇ ನೆರವು.

ಎರಡನೆಯದು ಅದರ ಕೆಳಪದರ. ರಕ್ತನಾಳ, ದುಗ್ಧನಾಳ, ನರಗಳು ಇಲ್ಲಿ ಹಾದುಹೋಗುತ್ತವೆ.

ಮೂರನೆಯದು ಸ್ನಾಯು ಪದರ. ಒಳಗಡೆ ಬಳೆಯಂತೆ ಸುತ್ತಿದ ಸ್ನಾಯು, ಹೊರಗಡೆ ಉದ್ದಕ್ಕೆ ಸಾಗಿದ ಸ್ನಾಯು. ಹಳೆಯ ಅಂಗಿಯ ತೋಳಿನೊಳಗೆ ನಿಂಬೆಹಣ್ಣು ಹಾಕಿಸಿ. ಹಣ್ಣಿನ ಹಿಂದೆ ಮುಷ್ಟಿ ಹಿಡಿದು ಒತ್ತಿದರೆ ಅದು ಮುಂದೆ ಸರಿಯುತ್ತದೆ. ಮಲಗಿಕೊಂಡು ನುಂಗಿದ ತುತ್ತೂ ಜಠರ ಸೇರುವುದು ಹೀಗೆಯೇ. ಜಠರಕ್ಕೆ ಮಾತ್ರ ಓರೆಯಾಗಿ ಸಾಗುವ ಮೂರನೇ ಸ್ನಾಯುವೂ ಇದೆ, ಆಹಾರವನ್ನು ಕಡೆಯಬೇಕಲ್ಲ!

ನಾಲ್ಕನೆಯದು ತೇವವಾದ ತೆಳು ಹೊರಪೊರೆ. ಕರುಳಿನ ಸುರುಳಿಗಳು ಒಂದರ ಮೇಲೊಂದು ಉಜ್ಜದೆ ಜಾರುವುದು ಇದರಿಂದ. ಎದೆಯೊಳಗಿನ ಅನ್ನನಾಳಕ್ಕೆ ಈ ಪೊರೆಯಿಲ್ಲ. ಅಲ್ಲಿ ಅಂಟು ಅಂಗಾಂಶ ಅದನ್ನು ಸುತ್ತಲಿನ ಭಾಗಗಳಿಗೆ ಹಿಡಿದಿಡುತ್ತದೆ.

ಈ ಕ್ರಮ ಪರೀಕ್ಷೆಗಷ್ಟೇ ಅಲ್ಲ. ವೈದ್ಯರು ‘ಜಠರದ ಹುಣ್ಣು’ ಎಂದರೆ ಗಾಯ ಲೋಳೆಪೊರೆಯನ್ನು ದಾಟಿ ಕೆಳಪದರಕ್ಕೆ ಇಳಿದಿದೆ ಎಂದರ್ಥ. ಅಲ್ಲಿ ರಕ್ತನಾಳಗಳಿರುವುದರಿಂದ ರಕ್ತ ಸೋರಬಹುದು. ನಾಲ್ಕೂ ಪದರ ತೂತಾದರೆ ಜಠರದಲ್ಲಿರುವುದು ಹೊಟ್ಟೆಯ ಪೊಳ್ಳಿಗೆ ಸುರಿದು ಪ್ರಾಣಕ್ಕೇ ಅಪಾಯ. ಮಲ ಡಾಂಬರಿನಂತೆ ಕಪ್ಪಾದರೆ, ಹೊಟ್ಟೆನೋವು ಒಮ್ಮೆಗೇ ತೀವ್ರವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು ಎಂಬುದೂ ಈ ಪಾಠದ ಭಾಗವೇ.

ಇವತ್ತು ಸಂಜೆ ಮಗುವಿನ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆಸಿ. ಎಡಕ್ಕೆ ನಾಲ್ಕು ಪದರಗಳ ಕನ್ನಡ ಹೆಸರು, ಒಂದೊಂದರ ಕೆಲಸ. ಬಲಭಾಗ ಖಾಲಿ ಇರಲಿ. ಮುಂದೆ ಯಾವ ಮಾಧ್ಯಮಕ್ಕೆ ಹೋದರೂ ಅಲ್ಲಿನ ಹೆಸರನ್ನು ಮಗುವೇ ತುಂಬಿಕೊಳ್ಳುತ್ತದೆ.